ಒಂದು ಎಕರೆ, ಮೂರು ಬಾಗಿಲು

ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ಗುಡಿ ನೋಡ್ತಾರೆ, ಫೋಟೋ ತೆಗೆಸಿಕೊಳ್ತಾರೆ, ಐಹೊಳೆ ಕಡೆಗೋ ಬನಶಂಕರಿ ಕಡೆಗೋ ಕಾರು ತಿರುಗಿಸ್ತಾರೆ. ತಪ್ಪೇನಿಲ್ಲ. ಆದರೆ ಆ ಊರಲ್ಲಿ ಒಂದು ಕಲ್ಲಿನ ಕಂಬ ಇದೆ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೇ ಕೀರ್ತಿವರ್ಮನ ಕಾಲದ್ದು. ಗಂಗಾತೀರದ ಸೀಮೆಯಿಂದ ಬಂದ ಜ್ಞಾನಶಿವಾಚಾರ್ಯ ಎಂಬ ಗುರು ಕ್ರಿ.ಶ. 754ರ ಹೊತ್ತಿಗೆ ಅದನ್ನು ನಿಲ್ಲಿಸಿದ. ಅದರ ಮೇಲಿನ ಶಾಸನದ ವಿಶೇಷ ಏನು ಗೊತ್ತಾ? ಒಂದೇ ಸಂಸ್ಕೃತ ಒಕ್ಕಣೆಯನ್ನು ಎರಡು ಲಿಪಿಯಲ್ಲಿ ಕೆತ್ತಿಸಿದ್ದಾರೆ. ಒಂದು ನಮ್ಮ ಕಡೆಯ ಹಳಗನ್ನಡ ಲಿಪಿ, ಇನ್ನೊಂದು ಉತ್ತರದ ಸಿದ್ಧಮಾತೃಕಾ. ದಕ್ಷಿಣದವನೂ ಓದಲಿ, ಉತ್ತರದವನೂ ಓದಲಿ. ಎರಡೂ ಒಂದೇ ಕಂಬದ ಮೇಲಿವೆ. ಹಾಗಾಗಿ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಮತ್ತೊಂದು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ವಿರೂಪಾಕ್ಷ ಗುಡಿಯ ಶಾಸನಗಳಲ್ಲೂ ಒಂದು ಮಾತು ಇದೆ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಆ ಗುಡಿ ಕಟ್ಟಿಸಿದ ರಾಣಿ ಲೋಕಮಹಾದೇವಿ, ತನ್ನ ಮಾವ ವಿಜಯಾದಿತ್ಯ ಅಲ್ಲಿನ ಗಾಯಕರಿಗೆ ಹಿಂದೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಮತ್ತೆ ಸ್ಥಿರಪಡಿಸಿದಳು ಅನ್ನೋದು. ಯೋಚನೆ ಮಾಡಿ. ಅಧಿಕಾರ ಕೈ ಬದಲಾಗಿದೆ, ಹಳೆಯ ದಾಖಲೆ ಹೊಸ ಆಡಳಿತದಲ್ಲೂ ನಡೀಬೇಕು, ಅದಕ್ಕೊಂದು ಮುದ್ರೆ ಬೇಕು. ಇವತ್ತು ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆ ಅನ್ನೋದರ ಒಳಗಿರುವ ಚಿಂತೆ ಇದೇ.

ಈಗ ಅದೇ ಮಲಪ್ರಭೆಯ ದಂಡೆಯಲ್ಲಿ ಒಂದು ಎಕರೆ ಹೊಲ ಇಟ್ಟುಕೊಂಡ ರೈತನನ್ನು ತಗೊಳ್ಳಿ. ಅವನ ಉತಾರ, ಅಂದರೆ ದಕ್ಷಿಣದವರ ಪಹಣಿ, ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶದಲ್ಲಿದೆ. ಖರೀದಿ ಪತ್ರ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ 'ಕಾವೇರಿ'ಯಲ್ಲಿದೆ. ಹೊಲದ ಅಳತೆ, ನಕ್ಷೆ ಭೂಮಾಪನ ಇಲಾಖೆಯ 'ಮೋಜಿಣಿ'ಯಲ್ಲಿದೆ. ಮೂರು ಇಲಾಖೆ, ಮೂರು ಬಾಗಿಲು, ಹೊಲ ಮಾತ್ರ ಒಂದೇ. ಸ್ವಾರಸ್ಯ ಏನಂದ್ರೆ ಈ ಮೂರೂ ಬೇರೆ ಬೇರೆ ಮಂತ್ರಿಗಳ ಕೈಕೆಳಗಿಲ್ಲ. ಮೂರಕ್ಕೂ ಕಂದಾಯ ಸಚಿವರೇ ಯಜಮಾನರು!

ಸರ್ವರ್ ಡೌನ್ ಅಂತ ನಾವು ಟಿವಿಯಲ್ಲಿ ಕೆಂಪು ಪಟ್ಟಿ ಓಡಿಸ್ತೀವಿ. ಸರ್ವರ್ ಬೀಳುತ್ತೆ, ಏಳುತ್ತೆ. ಎರಡು ದಿನದ ಮಾತು. ಎರಡು ಇಲಾಖೆಗಳ ನಡುವೆ ಮಾತು ಬಿಟ್ಟುಹೋದರೆ ಅದನ್ನು ಎಬ್ಬಿಸೋ ಎಂಜಿನಿಯರ್ ಎಲ್ಲಿಂದ ತರೋದು? ಕರ್ನಾಟಕದ ಭೂ ದಾಖಲೆಗಳ ಕಂಪ್ಯೂಟರೀಕರಣಕ್ಕೆ ಕಾಲು ಶತಮಾನ ದಾಟಿದೆ. ಆ ಕಥೆಯನ್ನು ಈ ಕಣ್ಣಿನಿಂದ ಓದಬೇಕು ಅನ್ನೋದು ನನ್ನ ಅಭಿಪ್ರಾಯ.

ಕಥೆ ಕಂಪ್ಯೂಟರಿನಿಂದ ಶುರುವಾಗಲ್ಲ. ಬಾದಾಮಿ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದಲ್ಲಿತ್ತು. ಮೊದಲು ಕಲಾದಗಿ ಜಿಲ್ಲೆ, ಆಮೇಲೆ ಬಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಶುರುಮಾಡಿದ ಭೂಮಾಪನ ಪದ್ಧತಿ, 1847ರ ಜಂಟಿ ವರದಿಯ ನಂತರ ಪ್ರಾಂತ್ಯಕ್ಕೆಲ್ಲ ಮಾದರಿಯಾಯಿತು. ಹೊಲಕ್ಕೆ ಸರ್ವೆ ನಂಬರ್ ಬಂತು, ಬಾಂದುಗಲ್ಲು ಬಂತು, ಕ್ಷೇತ್ರ ಮತ್ತು ತೀರ್ವೆ ಬರೆದಿಡುವ ಆಕಾರಬಂದ್ ಬಂತು. ಪತ್ರ ನೋಂದಣಿಯದು ಬೇರೆ ದಾರಿ. ಅದಕ್ಕೆ ಬೇರೆ ಕಾನೂನು, ಬೇರೆ ಕಚೇರಿ. ಇವತ್ತಿಗೂ ನಡೆಯುತ್ತಿರುವುದು 1908ರ ನೋಂದಣಿ ಕಾಯ್ದೆ. ಇನ್ನು ಯಾವ ಹೊಲದಲ್ಲಿ ಯಾರಿಗೆ ಎಂಥ ಹಕ್ಕು ಅಂತ ಬರೆಯುವ ಹಕ್ಕು ದಾಖಲೆ ಮುಂಬೈ ಪ್ರಾಂತ್ಯಕ್ಕೆ ಬಂದದ್ದು 1903ರ ಕಾಯ್ದೆಯಿಂದ.

ಮೂರೂ ಕೇಳುವ ಪ್ರಶ್ನೆ ಬೇರೆ, ಗಮನಿಸಿ. ಮೋಜಣಿದಾರ ಕೇಳ್ತಾನೆ: ಹೊಲದ ಗಡಿ ಎಲ್ಲಿ? ಸಬ್ ರಿಜಿಸ್ಟ್ರಾರ್ ಕೇಳ್ತಾನೆ: ಈ ಪತ್ರಕ್ಕೆ ಸಹಿ ಹಾಕಿದವನು ನೀನೇನಾ, ಸ್ಟಾಂಪು ಸರಿಯಾಗಿ ಕಟ್ಟಿದ್ದೀಯಾ? ತಲಾಠಿ ಕೇಳ್ತಾನೆ: ತೀರ್ವೆ ಕಟ್ಟೋರು ಯಾರು? ಈ ಹೊಲದ ನಿಜವಾದ ಒಡೆಯ ಯಾರು ಅನ್ನೋದನ್ನು ಖಾತ್ರಿ ಮಾಡಿ ಹೇಳುವ ಹೊಣೆ ಯಾರದೂ ಅಲ್ಲ. ರೈತ ಕೇಳೋದು ಮಾತ್ರ ಅದನ್ನೇ.

ಹಾಗಾದರೆ ಇಷ್ಟು ವರ್ಷ ನಡೆದದ್ದು ಹೇಗೆ? ಊರಿಗೊಬ್ಬ ಕುಲಕರ್ಣಿ ಇದ್ದ. ಹಳೇ ಮೈಸೂರಿನಲ್ಲಿ ಶಾನುಭೋಗ. ಯಾರ ಹೊಲ ಯಾರಿಗೆ ಮಾರಾಟ ಆಯ್ತು, ಯಾವ ಬದುವಿನ ಬಗ್ಗೆ ಜಗಳ ಇದೆ, ಯಾವ ಅಣ್ಣ ಯಾವ ತಮ್ಮನಿಗೆ ಪಾಲು ಕೊಟ್ಟಿಲ್ಲ, ಎಲ್ಲ ಅವನ ತಲೆಯಲ್ಲಿ, ಅವನ ದಫ್ತರದಲ್ಲಿ. ಮೂರು ಇಲಾಖೆಗಳನ್ನು ಜೋಡಿಸುತ್ತಿದ್ದ ತಂತ್ರಾಂಶ ಅವನೇ. ಅವನ ಕೈ ಬಿಸಿ ಮಾಡಿದರೆ ಜೋಡಣೆ ಚುರುಕಾಗುತ್ತಿತ್ತು, ಮಾಡದಿದ್ದರೆ ಇಲ್ಲ. ಆ ಕಾಲವನ್ನು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಅವರ ಅಜ್ಜ ಬಹುಶಃ ಕುಲಕರ್ಣಿಯ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತವರಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಸಂಬಳದ ಗ್ರಾಮ ಲೆಕ್ಕಿಗ ಬಂದ. ಊರಿನಿಂದ ಊರಿಗೆ ವರ್ಗವಾಗುವ ನೌಕರ. ದಫ್ತರ ಅವನ ಕೈಗೆ ಬಂತು, ಕುಲಕರ್ಣಿಯ ತಲೆಯಲ್ಲಿದ್ದ ಲೆಕ್ಕ ಬರಲಿಲ್ಲ.

ಇಲ್ಲಿಂದ 'ಭೂಮಿ'ಗೆ ಬರೋಣ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಉಸ್ತುವಾರಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಂದರೆ ಎನ್‌ಐಸಿಯ ತಂತ್ರಾಂಶ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. 177 ತಾಲ್ಲೂಕುಗಳಲ್ಲಿ ಕೌಂಟರ್ ತೆರೆದರು. 15 ರೂಪಾಯಿ ಕೊಟ್ಟರೆ ಉತಾರ ಕೈಗೆ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಹಾಳೆಗಳು ತಾಲ್ಲೂಕಿನ ಒಂದು ಕೋಣೆಗೆ ಬಂದವು. ಪ್ರಪಂಚವೆಲ್ಲ ಬಂದು ನೋಡಿತು.

ಅದು ಗೆದ್ದದ್ದು ಕಂಪ್ಯೂಟರ್ ಒಳ್ಳೆಯದಿತ್ತು ಅಂತಲಾ? ಕಂಪ್ಯೂಟರ್ ಅದಕ್ಕೂ ಮುಂಚೆ ಇತ್ತು ಸ್ವಾಮಿ. 1991ರಲ್ಲೇ ಕೇಂದ್ರದ ದುಡ್ಡಿನಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಪ್ರಯೋಗ ನಡೆದಿತ್ತು. ಅಲ್ಲಿಂದ ರಾಜ್ಯವ್ಯಾಪಿಯಾಗಲು ಹತ್ತು ವರ್ಷ ಹಿಡಿಯಿತು. ಈ ಸಲ ಮಾಡಿದ ದೊಡ್ಡ ಕೆಲಸ ಅಂದರೆ ಕಂಪ್ಯೂಟರ್ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರ ಸಾರಿದ್ದು. ಎರಡು ದಾಖಲೆ ಸಮಸಮ ನಡೆಯೋದು ನಿಂತಿತು. ನೌಕರ ಬೆರಳಿಟ್ಟರೇ ಯಂತ್ರ ತೆರೆಯಬೇಕು, ಹಾಗಾಗಿ ಯಾರು ಏನು ಬದಲಾಯಿಸಿದರು ಅನ್ನೋದು ಉಳಿಯಿತು. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿ; ಸಾಹೇಬರ ಷಡ್ಡಕನ ಅರ್ಜಿಯೂ ಸಾಲಿನಲ್ಲೇ ನಿಲ್ಲಬೇಕು. ಇದೆಲ್ಲ ಸಾಧ್ಯವಾದದ್ದು ಕಾರ್ಯದರ್ಶಿಯಿಂದ ಗ್ರಾಮ ಲೆಕ್ಕಿಗನವರೆಗೆ ಎಲ್ಲರೂ ಒಂದೇ ಇಲಾಖೆಯವರು, ಆದೇಶ ಮೇಲಿಂದ ಕೆಳಗೆ ಒಂದೇ ಏಣಿಯಲ್ಲಿ ಇಳಿಯುತ್ತಿತ್ತು ಅನ್ನುವ ಕಾರಣಕ್ಕೆ. ಗ್ರಾಮ ಲೆಕ್ಕಿಗರು ಮುನಿಸಿಕೊಂಡರು, ಅವರ ಕೈಯಿಂದ ಬಲ ಜಾರಿತ್ತು. ಆದರೂ ಮುನಿಸು ಮನೆಯೊಳಗಿನದು. ಮನೆ ಯಜಮಾನ ಗದರಿಸಿದ, ಆಯ್ತು.

ಟೈಪ್ ಮಾಡಿದ್ದನ್ನು ತಾಳೆ ನೋಡಿ ಸಹಿ ಹಾಕಬೇಕಾದವರೂ ಅದೇ ಮುನಿಸಿಕೊಂಡ ಗ್ರಾಮ ಲೆಕ್ಕಿಗರೇ ಅನ್ನೋದನ್ನು ಮರೆಯಬೇಡಿ. ಇವತ್ತಿಗೂ ಉತಾರದಲ್ಲಿ ಅಪ್ಪನ ಹೆಸರು ಮಗನಿಗೆ, ಮಗನ ಹೆಸರು ಅಪ್ಪನಿಗೆ ಆಗಿರುವ ತಿದ್ದುಪಡಿ ಅರ್ಜಿಗಳು ಬರುತ್ತಲೇ ಇವೆ.

ಅಸಲಿ ಪರೀಕ್ಷೆ ಶುರುವಾದದ್ದು 2003ರಿಂದ. ನೋಂದಣಿ ಇಲಾಖೆ ತನ್ನದೇ 'ಕಾವೇರಿ' ತಂದಿತು. ಅದನ್ನು ಬರೆದುಕೊಟ್ಟದ್ದು ಪುಣೆಯ ಸಿ-ಡ್ಯಾಕ್. ಅಂದರೆ ಒಂದು ಎನ್‌ಐಸಿ ಕೂಸು, ಇನ್ನೊಂದು ಸಿ-ಡ್ಯಾಕ್ ಕೂಸು. ಹೊಲ ಮಾರಾಟ ಆದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಹಶೀಲ್ದಾರ ಕಚೇರಿಗೆ ಒಂದು ಚೀಟಿ ಹೋಗಬೇಕು. ಅದಕ್ಕೆ ಜೆ ಸ್ಲಿಪ್ ಅಂತಾರೆ. ಆ ಚೀಟಿ ಬಂದರೆ ತಹಶೀಲ್ದಾರ ಕಚೇರಿಯವರು ಡೈರಿ ಎಬ್ಬಿಸಬೇಕು, ನೋಟಿಸ್ ಹಚ್ಚಬೇಕು, ತಕರಾರಿಗೆ ಆಗ 30 ದಿನ ಕಾಯಬೇಕಿತ್ತು, ಆಮೇಲೆ ಕಾಲಂ 9ರಲ್ಲಿ ಹೊಸ ಮಾಲೀಕನ ಹೆಸರು. ಈಗ ಹೇಳಿ. ಎರಡೂ ಕಚೇರಿಯಲ್ಲಿ ಕಂಪ್ಯೂಟರ್ ಇದೆ. ನಡುವೆ ಓಡಾಡುತ್ತಿದ್ದದ್ದು ಕಾಗದ!

ಅನೇಕ ಊರುಗಳಲ್ಲಿ ಎರಡೂ ಕಚೇರಿ ಒಂದೇ ಆವರಣದಲ್ಲಿವೆ. ನಡೆದರೆ ಒಂದು ಬೀಡಿ ಸೇದುವಷ್ಟು ದೂರ. ನಾನು ವರದಿಗಾರಿಕೆಗೆ ಓಡಾಡುತ್ತಿದ್ದಾಗ ಕಂಡದ್ದು ಇದು: ಸಬ್ ರಿಜಿಸ್ಟ್ರಾರ್‌ಗೂ ತಹಶೀಲ್ದಾರರಿಗೂ ಹೊಂದಾಣಿಕೆ ಇದ್ದ ಊರಲ್ಲಿ ಜೆ ಸ್ಲಿಪ್ ಸಂಜೆಯೊಳಗೆ ತಲುಪುತ್ತಿತ್ತು. ಇಲ್ಲದ ಊರಲ್ಲಿ ಕಟ್ಟು ಕಟ್ಟಿ ಮೂಲೆಯಲ್ಲಿ ಬಿದ್ದಿರುತ್ತಿತ್ತು. ತಂತ್ರಾಂಶ ಎರಡೂ ಊರಲ್ಲಿ ಒಂದೇ. ಮಾರಿದವನ ಹೆಸರೇ ಉತಾರದಲ್ಲಿ ಉಳಿದರೆ ಏನಾಗುತ್ತೆ? ಅದೇ ಉತಾರ ಹಿಡಿದು ಅವನು ಬ್ಯಾಂಕಿಗೆ ಹೋಗಿ ಸಾಲ ಎತ್ತಬಹುದು. ಅದೇ ಹೊಲವನ್ನು ಇನ್ನೊಬ್ಬನಿಗೆ ಮಾರಬಹುದು. ದುಡ್ಡು ಕೊಟ್ಟು ಕೊಂಡವನು ಕೋರ್ಟು ಮೆಟ್ಟಿಲು ಹತ್ತಬೇಕು.

ಇದು ನಮ್ಮ ಸರ್ಕಾರಿ ಕಚೇರಿಗಳ ರೋಗ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಕಂಪನಿಗಳಲ್ಲಿ ಖರೀದಿ, ಗೋದಾಮು, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ಕಟ್ಟುತ್ತಾರೆ, ಇಆರ್‌ಪಿ ಅಂತಾರೆ. 1999ರಲ್ಲಿ ಅಮೆರಿಕದ ಹರ್ಷಿ ಚಾಕೊಲೇಟ್ ಕಂಪನಿ 11 ಕೋಟಿ ಡಾಲರಿಗೂ ಹೆಚ್ಚು ಸುರಿದು ಎಸ್‌ಎಪಿ ಸೇರಿ ಮೂರು ಕಂಪನಿಗಳ ತಂತ್ರಾಂಶವನ್ನು ಒಟ್ಟಿಗೆ ಹಾಕಿತು. ಅಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಮಿಠಾಯಿ ಮಾರಾಟ ನಮ್ಮ ಸಂಕ್ರಾಂತಿಯ ಎಳ್ಳು ಬೆಲ್ಲದ ಹಾಗೆ. ಆ ಹಬ್ಬಕ್ಕೆ 10 ಕೋಟಿ ಡಾಲರಿನಷ್ಟು ಆರ್ಡರ್ ಪೂರೈಸಲು ಆಗಲಿಲ್ಲ. ಗೋದಾಮಿನಲ್ಲಿ ಮಾಲಿತ್ತು, ಅಂಗಡಿಗೆ ಹೋಗಲಿಲ್ಲ. ಆರ್ಡರ್ ತಗೊಳ್ಳೋರು, ಮಾಲು ಕಳಿಸೋರು ಹೊಸ ಪದ್ಧತಿಗೆ ಒಟ್ಟಿಗೆ ಒಗ್ಗುವ ಮೊದಲೇ ಗುಂಡಿ ಒತ್ತಿದ್ದರು.

ನಮ್ಮಲ್ಲಿ ಒಗ್ಗೋದು ಇನ್ನೂ ಕಷ್ಟ. ಯಾಕೆ? ಸಬ್ ರಿಜಿಸ್ಟ್ರಾರ್‌ನನ್ನು ವರ್ಷಾಂತ್ಯಕ್ಕೆ ಅಳೆಯೋದು ಎಷ್ಟು ಮುದ್ರಾಂಕ ಶುಲ್ಕ ತಂದೆ ಅಂತ. ಪತ್ರ ಹೆಚ್ಚು ನೋಂದಣಿಯಾದಷ್ಟೂ ಅವನಿಗೆ ಒಳ್ಳೆಯದು. ಪತ್ರದಲ್ಲಿನ ಹೊಲ ನೆಲದ ಮೇಲೆ ಇದೆಯೋ ಇಲ್ಲವೋ, ಅದು ಅವನ ಲೆಕ್ಕಕ್ಕೆ ಬರಲ್ಲ. ತಹಶೀಲ್ದಾರರಿಗೆ ಬಾಕಿ ಅರ್ಜಿಗಳ ಲೆಕ್ಕ. ಹೆಚ್ಚು ಪತ್ರ ಬಂದಷ್ಟೂ ಅವರ ಬಾಕಿ ಬೆಳೆಯುತ್ತೆ. ಭೂಮಾಪಕನಿಗೆ ಅಳತೆಯ ಕಡತ ಎಷ್ಟು ಮುಗಿಸಿದೆ ಅನ್ನೋದು. ಒಬ್ಬನ ಸಾಧನೆ ಇನ್ನೊಬ್ಬನ ತಲೆನೋವು. ಇಂಥ ಮೂವರನ್ನು ಒಂದೇ ತಂತಿಯಲ್ಲಿ ಕಟ್ಟಿ 'ಇಂಟಿಗ್ರೇಷನ್' ಅಂದರೆ ತಂತಿ ಏನು ಮಾಡೀತು?

ಆದರೂ ಕಟ್ಟಿದರು. ಅದನ್ನು ಒಪ್ಪಬೇಕು. 'ಭೂಮಿ' ಮತ್ತು 'ಕಾವೇರಿ' ಜೋಡಣೆಯಾಯಿತು, ಜೆ ಸ್ಲಿಪ್ ಕಂಪ್ಯೂಟರಿನಲ್ಲೇ ಹೋಗತೊಡಗಿತು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲು 11ಇ ನಕ್ಷೆ ಬೇಕು ಅಂತ ನಿಯಮ ಬಂತು. ಅಳೆದು, ಗುರುತು ಮಾಡಿ, ಆಮೇಲೆ ಮಾರು. ಇದಕ್ಕಿಂತ ನ್ಯಾಯವಾದ ನಿಯಮ ಇದೆಯಾ? ಮೊದಲೆಲ್ಲ 'ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ' ಅಂತ ಚಕಬಂದಿ ಬರೆದು ಎರಡು ಎಕರೆ ಇರುವವನು ಮೂರು ಎಕರೆ ಮಾರುತ್ತಿದ್ದ. ಆದರೆ ಅಳೆಯೋರು ಎಲ್ಲಿ? ಸರ್ಕಾರಿ ಭೂಮಾಪಕರು ಸಾಲದೆ ಪರವಾನಗಿ ಪಡೆದ ಖಾಸಗಿ ಭೂಮಾಪಕರನ್ನು ತಂದರು. ನಕ್ಷೆ ಬರುವ ತನಕ ಮಾರಾಟ ನಿಂತಿತು. ಮಗಳ ಮದುವೆಗೆ ಅಂತ ಅರ್ಧ ಎಕರೆ ಮಾರಲು ಹೊರಟವನಿಗೆ ಮುಹೂರ್ತ ಬಂದರೂ ನಕ್ಷೆ ಬರಲಿಲ್ಲ.

ಅಳೆದಾಗ ಇನ್ನೊಂದು ಗುಟ್ಟು ಹೊರಬಿತ್ತು. ಭೂಮಾಪನ ಇಲಾಖೆಯ ಆಕಾರಬಂದಿನಲ್ಲಿ ಒಂದು ಕ್ಷೇತ್ರ, ಕಂದಾಯದವರ ಉತಾರದಲ್ಲಿ ಇನ್ನೊಂದು. ಒಂದೇ ಉತಾರದೊಳಗೇ ಕಾಲಂ 3ರ ಒಟ್ಟು ಕ್ಷೇತ್ರಕ್ಕೂ ಕಾಲಂ 9ರ ಮಾಲೀಕರ ಪಾಲುಗಳ ಮೊತ್ತಕ್ಕೂ ತಾಳೆಯಿಲ್ಲ. ಕಾಗದದ ಕಾಲದಲ್ಲಿ ಎರಡು ಪುಸ್ತಕ ಎರಡು ಕಪಾಟಿನಲ್ಲಿದ್ದವು, ಯಾರೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ. ಈಗ ತಂತ್ರಾಂಶ ಎರಡನ್ನೂ ಒಂದೇ ಪರದೆಗೆ ತಂದು, ತಾಳೆಯಾಗುತ್ತಿಲ್ಲ ಅಂತ ಅರ್ಜಿ ನಿಲ್ಲಿಸಿತು. ನೂರು ವರ್ಷದ ತಪ್ಪು ಬಯಲಾದದ್ದು ತಂತ್ರಾಂಶದ ಗೆಲುವು. ಅದನ್ನು ಯಾವ ಇಲಾಖೆ ತಿದ್ದಬೇಕು ಅಂತ ಇಬ್ಬರೂ ಪರಸ್ಪರ ಪತ್ರ ಬರೆದುಕೊಳ್ಳುವಾಗ ಸಾಲಿನಲ್ಲಿ ನಿಂತವನು ಮಾತ್ರ ರೈತ.

'ಭೂಮಿ'ಯನ್ನು ಎಲ್ಲರೂ ಹೊಗಳಲಿಲ್ಲ ಅನ್ನೋದನ್ನೂ ಹೇಳಬೇಕು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಜಮೀನು ಹುಡುಕೋದು ಸಲೀಸಾಯಿತು, ಲಂಚ ಹಳ್ಳಿಯಿಂದ ತಾಲ್ಲೂಕಿಗೆ ಏರಿತು ಅಂತ ವಾದಿಸಿತು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. 15 ರೂಪಾಯಿಗೆ ಉತಾರ ಪಡೆದ ಮುದುಕಿಯನ್ನು ಅದು ಲೆಕ್ಕಕ್ಕೆ ಹಿಡಿದಂತೆ ಕಾಣಲ್ಲ. ಆದರೆ ಬಾಗಿಲು ಒಂದೇ ಆದಾಗ ಬಾಗಿಲು ಕಾಯುವವನ ಬೆಲೆ ಏರುತ್ತೆ ಅನ್ನೋ ಮಾತು ತೆಗೆದುಹಾಕುವಂಥದ್ದಲ್ಲ.

ಇದೇ ಪಾಠ 2013ರ 'ಇ-ಸ್ವತ್ತು' ಬಂದಾಗಲೂ ಆಯ್ತು. ಹಳ್ಳಿಯ ಸೈಟಿಗೆ ಪಂಚಾಯ್ತಿಯ ನಮೂನೆ 9, ನಮೂನೆ 11 ಇಲ್ಲದೆ ನೋಂದಣಿ ಇಲ್ಲ. ಈ ಸಲ ಜೋಡಿಸಬೇಕಾದ್ದು ಕಂದಾಯ ಮತ್ತು ಗ್ರಾಮೀಣಾಭಿವೃದ್ಧಿ, ನಿಜಕ್ಕೂ ಎರಡು ಮಂತ್ರಿಗಳ ಇಲಾಖೆ. 2023ರ 'ಕಾವೇರಿ 2.0', ಅದರ ಮುಂದಿನ ವರ್ಷ ನಗರಗಳಲ್ಲಿ ಕಡ್ಡಾಯವಾದ ಇ-ಖಾತೆ, ಎಲ್ಲ ಇದೇ ಸರಪಳಿಯ ಕೊಂಡಿಗಳು. ಪಟ್ಟದಕಲ್ಲಿನವರಿಗೆ ಇದರ ಮೇಲೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಇದೆ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಆಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಉತಾರ ನಿಮ್ಮದೇ, ಗೋಡೆ ಎಬ್ಬಿಸೋದು ಅವರನ್ನು ಕೇಳಿ.

2019ರ ಆಗಸ್ಟ್. ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರು, ಮಲಪ್ರಭೆ ಉಕ್ಕಿದಳು, ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತು. ನಮ್ಮ ಕ್ಯಾಮೆರಾಗಳೆಲ್ಲ ಗುಡಿ ತೋರಿಸಿದವು. ಹೊಲಗಳನ್ನು ತೋರಿಸಿದ್ದು ಕಡಿಮೆ. ಬೆಳೆ ಪರಿಹಾರಕ್ಕೆ ಕಂದಾಯ, ಕೃಷಿ, ತೋಟಗಾರಿಕೆ ಮೂರೂ ಇಲಾಖೆ ಜಂಟಿ ಸಮೀಕ್ಷೆ ಮಾಡಬೇಕು, 'ಪರಿಹಾರ' ಎಂಬ ತಂತ್ರಾಂಶಕ್ಕೆ ಹಾಕಬೇಕು, ದುಡ್ಡು ನೇರ ಬ್ಯಾಂಕ್ ಖಾತೆಗೆ. ಅಂದಿನ ಕೇಂದ್ರದ ಮಾನದಂಡದಂತೆ ಖುಷ್ಕಿಗೆ ಹೆಕ್ಟೇರಿಗೆ 6,800 ರೂಪಾಯಿ, ನೀರಾವರಿಗೆ 13,500, ಅದೂ 2 ಹೆಕ್ಟೇರಿನ ತನಕ. ನಿಮ್ಮ ಹೊಲ ಖುಷ್ಕಿಯೋ ನೀರಾವರಿಯೋ ಅನ್ನೋದಕ್ಕೆ ಸಾಕ್ಷಿ ಏನು? ಹೊಳೆಗೆ ಇಳಿಸಿದ ಪಂಪಲ್ಲ, ಉತಾರ.

ಆ ದಿನಗಳಲ್ಲಿ ಹೊಳೆದಂಡೆಯ ಒಂದು ಊರಲ್ಲಿ ಒಬ್ಬ ರೈತ ನನ್ನ ಮೈಕನ್ನು ಪಕ್ಕಕ್ಕೆ ಸರಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಸರ, ಹೊಲದಾಗ ಹಾಕಿದ್ದು ಉಳ್ಳಾಗಡ್ಡಿ. ಉತಾರದಾಗ ಗೋವಿನಜ್ವಾಳ ಅಂತ ಐತ್ರಿ. ತ್ವಾಟಗಾರಿಕಿಯವ್ರು ಉತಾರ ನೋಡಿ ಇದು ನಮ್ದಲ್ಲ ಅಂತಾರ. ಕೃಷಿಯವ್ರು ಹೊಲ ನೋಡಿ ಇದು ನಮ್ದಲ್ಲ ಅಂತಾರ. ಉತಾರ ತಿದ್ರಿ ಅಂತ ಕೇಳಿದ್ರ, ಲಾಗಿನ್ ನಮ್ ಕಡೆ ಇಲ್ಲ ಅಂತಾರ. ಕೊಳೆತ ಉಳ್ಳಾಗಡ್ಡಿ ನಾ ಯಾರಿಗೆ ತೋರಿಸ್ಲಿ?"

ಅವನು ಹೇಳಿದ ಮೂರೂ ಮಾತು ನಿಜ ಅನ್ನೋದೇ ಸಂಕಟ. ಯಾರೂ ಸುಳ್ಳು ಹೇಳಿರಲಿಲ್ಲ. ತೋಟಗಾರಿಕೆಯವರು ನಿಯಮ ಪಾಲಿಸಿದ್ದರು, ಕೃಷಿಯವರೂ ಪಾಲಿಸಿದ್ದರು. ಅವನಿಗೆ ಆ ಹಂಗಾಮಿನಲ್ಲಿ ಪೈಸೆ ಬರಲಿಲ್ಲ. ಬೀಜಕ್ಕೆ ಮಾಡಿದ ಸಾಲ ಇತ್ತು, ಬಡ್ಡಿ ಇತ್ತು.

ಮರುವರ್ಷ, 2020ರ ಮುಂಗಾರಿಗೆ, ಸರ್ಕಾರ ಬೆಳೆ ಸಮೀಕ್ಷೆಯ ಮೊಬೈಲ್ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ತನ್ನ ಹೊಲದಲ್ಲಿ ನಿಂತು ತಾನೇ ಬೆಳೆಯ ಫೋಟೋ ತೆಗೆದು ಹಾಕಬಹುದು. ಕಂದಾಯ, ಕೃಷಿ, ತೋಟಗಾರಿಕೆ ಎಲ್ಲರೂ ಅದೇ ಒಂದು ಮಾಹಿತಿ ಬಳಸಬೇಕು. ಅಷ್ಟರಲ್ಲಿ ರೈತನಿಗೊಂದೇ ಗುರುತಿನ ಸಂಖ್ಯೆ ಕೊಡುವ 'ಫ್ರೂಟ್ಸ್' ಬಂದಿತ್ತು. ಅದರ ಹಿಂದೆಯೂ ಇದ್ದವರು 'ಭೂಮಿ'ಯ ಅದೇ ರಾಜೀವ್ ಚಾವ್ಲಾ. ಇಪ್ಪತ್ತು ವರ್ಷದ ಹಿಂದೆ ಒಂದು ಇಲಾಖೆಯೊಳಗೆ ಮಾಡಿದ್ದನ್ನು ಈಗ ಇಲಾಖೆಗಳ ನಡುವೆ ಮಾಡುವ ಯತ್ನ.

ಆ ರೈತ ಮಗನ ಮೊಬೈಲಿನಿಂದ ಉಳ್ಳಾಗಡ್ಡಿ ಫೋಟೋ ಹಾಕಿಸಿ, ಅದರ ಸ್ಕ್ರೀನ್‌ಶಾಟನ್ನು ನನಗೂ ವಾಟ್ಸಾಪ್ ಮಾಡಿದ. ಸಾಲು ಸಾಲು ಹಸಿರು, ಹಿಂದೆ ಹೊಳೆ. ಕೆಳಗೆ ಮಗನ ಕೈಯಲ್ಲಿ ಒಂದು ಸಾಲು ಬರೆಸಿದ್ದ: "ಸರ, ಫೋಟೋ ಹೋಗೈತಿ ಅಂತ ಬಂತ್ರಿ. ಯಾರ ಕಡೆ ಹೋಗೈತಿ, ಅದೊಂದು ಕೇಳಿ ಹೇಳ್ರಿ."